ಇಪ್ಪತ್ತು ಅಂಕಗಳ ಮಾತು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ 'ಪ್ರೌಢಶಾಲಾ ಶಿಕ್ಷಣ ಮತ್ತು ಮೌಲ್ಯಮಾಪನ'. ವಿಷಯ ದೊಡ್ಡದು, ಸಮಯ ಕಡಿಮೆ. ಆದ್ದರಿಂದ ಇಪ್ಪತ್ತು ಅಂಕಗಳ ಬಗ್ಗೆ ಮಾತ್ರ ಮಾತಾಡುತ್ತೇನೆ.

ಎಸ್.ಎಸ್.ಎಲ್.ಸಿ.ಯಲ್ಲಿ ಒಂದು ವಿಷಯಕ್ಕೆ 100 ಅಂಕಗಳಿದ್ದರೆ ಬರವಣಿಗೆ ಪರೀಕ್ಷೆಗೆ 80. ಉಳಿದ 20 ಶಾಲೆಯ ಕೈಯಲ್ಲಿವೆ. ನಮ್ಮ ಉರ್ದು ಮಾಧ್ಯಮದ ಮಕ್ಕಳಿಗೆ ಪ್ರಥಮ ಭಾಷೆ ಉರ್ದುವಿನ 125ರಲ್ಲಿ 25 ಶಾಲೆಯದು. ವರ್ಷದಲ್ಲಿ ನಾಲ್ಕು ಸಲ ರೂಪಣಾತ್ಮಕ ಮೌಲ್ಯಮಾಪನ ನಡೆಸಬೇಕು. ಚಟುವಟಿಕೆ, ಕಿರುಪರೀಕ್ಷೆ ಎಲ್ಲ ಸೇರಿ ಪ್ರತಿ ಸಲ 50 ಅಂಕ. ಒಟ್ಟು 200ನ್ನು 20ಕ್ಕೆ ಇಳಿಸಬೇಕು. ಮೂರು ಗಂಟೆಯ ಪರೀಕ್ಷೆಯಲ್ಲಿ ಗಾಬರಿಯಾಗುವ ಮಗುವಿನ ವರ್ಷದ ದುಡಿಮೆಗೂ ಬೆಲೆ ಸಿಗಲಿ ಎಂಬುದು ಇದರ ಉದ್ದೇಶ. ಒಳ್ಳೆಯ ಉದ್ದೇಶವೇ.

ಆದರೆ ನಡೆಯುವುದೇನು? ಥರ್ಮಾಕೋಲ್ ಮಾದರಿ ಅಂಗಡಿಯಿಂದ ಬರುತ್ತದೆ. ಪ್ರಾಜೆಕ್ಟ್ ಪುಸ್ತಕ ಅಣ್ಣನದು, ಮೇಲಿನ ರಟ್ಟು ಮಾತ್ರ ಹೊಸದು. ಅಂಕ 20ಕ್ಕೆ 19! ಪಾಲಕರನ್ನು ಕೇಳಿದರೆ "ಮಾಸ್ತರ್, ಹುಡುಗ ಪಾಸಾದ್ರ ಸಾಕ್ರಿ" ಎನ್ನುತ್ತಾರೆ. ಆಡಳಿತ ಮಂಡಳಿಗಳಿಗೆ ಶಾಲೆಯ ಫಲಿತಾಂಶದ ಚಿಂತೆ. ಶಿಕ್ಷಕರಿಗೆ ಯಾರೊಂದಿಗೂ ಜಗಳ ಬೇಡ. ಹೀಗೆ ಮೂರೂ ಕಡೆಯವರು ಕೂಡಿ ಮಗುವಿಗೆ ಸುಳ್ಳು ಹೇಳುತ್ತಿದ್ದೇವೆ.

ಬರವಣಿಗೆ ಪರೀಕ್ಷೆಗೆ ಈಗ ಕಾವಲು ಬಿಗಿಯಾಗಿದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಶೇ. 73.40ಕ್ಕೆ ಇಳಿಯಿತು, ಅದೂ ಹೆಚ್ಚಿನ ಕೃಪಾಂಕ ಕೊಟ್ಟ ಮೇಲೆ. 2025ರ ಮೊದಲ ಪರೀಕ್ಷೆಯಲ್ಲಿ ನಮ್ಮ ನೆರೆಯ ಕಲಬುರಗಿ ಶೇ. 42.43 ಪಡೆದು ರಾಜ್ಯದಲ್ಲೇ ಕೊನೆಗೆ ನಿಂತಿತು. ಕ್ಯಾಮೆರಾ 80 ಅಂಕವನ್ನು ನೋಡುತ್ತದೆ. ಶಾಲೆಯ 20ನ್ನು ನೋಡುವವರು ನಾವೇ.

2025ರ ಅಕ್ಟೋಬರಿನಲ್ಲಿ ಸರ್ಕಾರ ಉತ್ತೀರ್ಣತೆಯ ಮಟ್ಟವನ್ನು ಶೇ. 35ರಿಂದ 33ಕ್ಕೆ ಇಳಿಸಿತು. 2025-26ನೇ ಸಾಲಿನಿಂದ, ಆಂತರಿಕ ಅಂಕ ಸೇರಿಸಿ, 625ಕ್ಕೆ 206 ಬೇಕು. ಪ್ರತಿ ವಿಷಯದಲ್ಲಿ ಕನಿಷ್ಠ 30. ಹಲವರು ಸಂತೋಷಪಟ್ಟರು. ಮಕ್ಕಳೇ, ನೀವೇ ಲೆಕ್ಕ ಮಾಡಿ. ಶಾಲೆಯ 20 ಮೊದಲೇ ಜೇಬಿನಲ್ಲಿದ್ದರೆ 33 ಮುಟ್ಟಲು 80ರಲ್ಲಿ 13 ಸಾಕು. ಹದಿಮೂರು! ಈ ವಿದ್ಯೆಯಿಂದ ಪಿ.ಯು. ವಿಜ್ಞಾನದ ತರಗತಿಯಲ್ಲಿ ಕುಳಿತ ಹುಡುಗಿಗೆ ಒಂದು ಪುಟವೂ ಅರ್ಥವಾಗುವುದಿಲ್ಲ. ಆಮೇಲೆ ಮನೆಯವರು "ಓದು ಇವಳಿಗೆ ಹತ್ತಲಿಲ್ಲ" ಎಂದು ಬಿಡಿಸುತ್ತಾರೆ.

ಕನ್ನಡದ ವಿಷಯದಲ್ಲಿ ಈ ನಷ್ಟ ಇನ್ನೂ ದೊಡ್ಡದು. ನಾನು ಎರಡೂ ಭಾಷೆ ಕಲಿಸುವವನು, ಅದಕ್ಕೆ ಹೇಳುತ್ತೇನೆ. ನಮ್ಮ ಮಕ್ಕಳಿಗೆ ಮಹಾಪ್ರಾಣ ಕಷ್ಟವಲ್ಲ; ಖ, ಘ, ಭ ಉರ್ದುವಿನಲ್ಲೇ ಇವೆ. ತೊಡಕು ಬರುವುದು ಳ ಮತ್ತು ಣ ಅಕ್ಷರಗಳಲ್ಲಿ. ಎ-ಏ, ಒ-ಓ ವ್ಯತ್ಯಾಸದಲ್ಲಿ. 'ಕೊಡು' ಬರೆ ಎಂದರೆ 'ಕೋಡು' ಬರೆಯುತ್ತಾರೆ. ಇದನ್ನು ವರ್ಷವಿಡೀ ಕೂರಿಸಿ ತಿದ್ದಬೇಕು. ಹಾಗೆ ತಿದ್ದುವುದಕ್ಕೇ ಆ ನಾಲ್ಕು ಮೌಲ್ಯಮಾಪನಗಳಿರುವುದು. ಪುಕ್ಕಟೆ ಅಂಕ ಕೊಟ್ಟರೆ ತಪ್ಪು ತಪ್ಪಾಗಿಯೇ ಹತ್ತನೆಯ ತರಗತಿ ದಾಟುತ್ತದೆ. ಮುಂದೆ ಕೆ.ಪಿ.ಎಸ್.ಸಿ.ಯ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೆ ಹೋದಾಗ 150 ಅಂಕಗಳ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ 50 ಬಾರದೆ ಅಲ್ಲಿಯೇ ನಿಲ್ಲುತ್ತದೆ. 371(ಜೆ) ಮೀಸಲಾತಿ ಇದ್ದೂ ಪ್ರಯೋಜನವಾಗುವುದಿಲ್ಲ.

ಕನ್ನಡ ನಮಗೆ ದೂರದ ಭಾಷೆಯೇನಲ್ಲ. ಅರ್ಜಿ, ಜಮೀನು, ಹಾಜರಿ, ವಕೀಲ, ಕಾನೂನು, ತಹಶೀಲ್ದಾರ ಇವೆಲ್ಲ ಎರಡೂ ಮನೆಯ ಮಾತು. ನಿಜಾಮರ ಕಾಲದಲ್ಲಿ ಇದೇ ಕಲ್ಯಾಣದ ಕನ್ನಡ ಮನೆಗಳ ಹಿರಿಯರು ಉರ್ದು ಕಲಿತು ಕಚೇರಿ ಸೇರಿದರು. ಅವರಿಗೆ ಸಾಧ್ಯವಾದದ್ದು ನಮ್ಮ ಮಕ್ಕಳಿಗೆ ಏಕೆ ಆಗದು? 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ 2017-18ರಿಂದ ಒಂದನೇ ತರಗತಿಯಿಂದಲೇ ಕನ್ನಡ ಕಡ್ಡಾಯವಾಗಿ ಬಂದಿದೆ.

ಚಟುವಟಿಕೆ ಎಂದರೆ ಥರ್ಮಾಕೋಲೇ ಆಗಬೇಕಿಲ್ಲ. ಬಸ್ ನಿಲ್ದಾಣದ ಹತ್ತು ಫಲಕ ಓದಿ ಬರೆದು ತರಲಿ. ಪಡಿತರ ಚೀಟಿಗೆ ಹೆಸರು ಸೇರಿಸಲು ಒಂದು ಅರ್ಜಿ ಬರೆಯಲಿ. ನಾನಿಯ ಬಾಯಿಂದ ಒಂದು ದಖನಿ ಗಾದೆ ಕೇಳಿ ಕನ್ನಡದಲ್ಲಿ ಅರ್ಥ ಬರೆಯಲಿ. ಅಣ್ಣನ ಹಳೆಯ ಪುಸ್ತಕದಿಂದ ಇದು ನಕಲಾಗುವುದಿಲ್ಲ; ಖರ್ಚೂ ಇಲ್ಲ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಪ್ರತಿಭಾ ಪುರಸ್ಕಾರದ ಅರ್ಜಿಯೊಂದಿಗೆ ಅಂಕಪಟ್ಟಿಯ ಜೊತೆ ಮಗುವಿನ ಚಟುವಟಿಕೆ ಪುಸ್ತಕವನ್ನೂ ತರಿಸಿ ನೋಡಿ. ಪಾಲಕರೇ, ನಾಲ್ಕೂ ಮೌಲ್ಯಮಾಪನಗಳ ನಂತರ ಶಾಲೆಗೆ ಬಂದು ಉತ್ತರ ಪತ್ರಿಕೆ ಕೇಳಿರಿ. ಓದು ಬಾರದ ತಾಯಂದಿರೂ ಬರಬೇಕು. ಕೆಂಪು ಶಾಯಿಯ ಗುರುತುಗಳು ಇವೆಯೋ ಇಲ್ಲವೋ ಎಂದು ನೋಡಲು ಅಕ್ಷರ ಬೇಕಿಲ್ಲ. ಮಗನಿಗೆ 20ಕ್ಕೆ 11 ಬಂದಿದ್ದರೆ ಶಿಕ್ಷಕರ ಮೇಲೆ ಸಿಟ್ಟಾಗುವ ಮೊದಲು ಉಳಿದ 9 ಎಲ್ಲಿ ಹೋದವೆಂದು ಕೇಳಿ. ಹೇಳಲು ನಾವು ಸಿದ್ಧರಿದ್ದೇವೆ.