ಬರಡೆನ್ನುವ ಮುನ್ನ

ಭಾದ್ರಪದ ಮಾಸದ ದಿನಗಳಲ್ಲಿ ನವಲಗುಂದದಿಂದ ಅಣ್ಣಿಗೇರಿಯ ಕಡೆಗೆ ಹೊರಟವರಿಗೆ, ದಿಗಂತದವರೆಗೂ ಸಮನಾಗಿ ಹರಡಿರುವ ಎರೆಭೂಮಿಯಲ್ಲಿ, ಹಸುರಿನ ಎಸಳೊಂದೂ ಇಲ್ಲದ ಕಪ್ಪು ಹೊಲಗಳು ಅಲ್ಲಲ್ಲಿ ಎದುರಾಗುತ್ತವೆ. ಪರಸ್ಥಳದವನೊಬ್ಬನು ಅವನ್ನು ಕಂಡು 'ಇದೆಂತಹ ಬರಡು ನೆಲ' ಎಂದರೆ ಹೊಲದ ಒಡೆಯನು ಒಪ್ಪಲಾರನು. ಮುಂಗಾರಿನ ಉದ್ದಕ್ಕೂ ಹದ ನೋಡಿ ನೋಡಿ ಕುಂಟೆ ಹೊಡೆದು, ಹರಗಿ, ಕಸವೇಳಗೊಡದೆ, ಬಿದ್ದ ಮಳೆಯನ್ನೆಲ್ಲ ಮಣ್ಣಿನೊಳಕ್ಕೆ ಇಳಿಸಿ, ಹಸ್ತ ಚಿತ್ತಿಗಳ ಹೊತ್ತಿಗೆ ಬಿಳಿಜೋಳವನ್ನೋ ಕಡಲೆಯನ್ನೋ ಕುಸುಬಿಯನ್ನೋ ಬಿತ್ತಲೆಂದು ಅವನು ಸಿದ್ಧಗೊಳಿಸಿರುವ ಹಿಂಗಾರಿ ಹೊಲವದು. ಬಿತ್ತನೆಯಾದ ಮೇಲೆ ಮಳೆ ಹಿಂದೆಗೆದರೂ, ಆ ಎರೆಮಣ್ಣು ತಾನು ಹೀರಿಟ್ಟುಕೊಂಡ ತೇವದಿಂದಲೇ ಪೈರನ್ನು ತೆನೆಯವರೆಗೆ ಸಾಗಿಸುತ್ತದೆ. ನೋಡಿದವನಿಗೆ ಪೈರಿಲ್ಲದುದು ಮಾತ್ರ ಕಂಡಿತು. ಏತಕ್ಕಾಗಿ ಇಲ್ಲವೆಂಬುದು ಕಾಣಲಿಲ್ಲ.

ಇಲ್ಲದಿರುವಿಕೆಯನ್ನು ಹೇಳುವ ಶಬ್ದಗಳು ನಮ್ಮಲ್ಲಿ ವಿಪುಲವಾಗಿವೆ. 1398ರಲ್ಲಿ ಅಭಿನವ ಮಂಗರಾಜನು ಪದ್ಯರೂಪದಲ್ಲಿ ನಿಘಂಟನ್ನು ರಚಿಸಿದ ಕಾಲದಿಂದ, 1894ರಲ್ಲಿ ಕಿಟ್ಟೆಲರ ಮಹಾಕೋಶವು ಮಂಗಳೂರಿನಲ್ಲಿ ಅಚ್ಚಾದ ಕಾಲದವರೆಗೆ, ಪಂಡಿತರು ಸಮಾನಾರ್ಥಕ ಪದಗಳನ್ನು ಶ್ರದ್ಧೆಯಿಂದ ಕೂಡಿಸಿಟ್ಟರು. ಆದರೆ ಕೋಶದಲ್ಲಿ ಒಂದೇ ಸಾಲಿನಲ್ಲಿ ಕುಳಿತ ಪದಗಳು ಒಕ್ಕಲಿಗನ ಬಾಯಲ್ಲಿ ಒಂದರ ಸ್ಥಾನವನ್ನೊಂದು ಆಕ್ರಮಿಸುವುದಿಲ್ಲ.

ಸತ್ತ್ವವೇ ಇಲ್ಲದುದು ಬರಡು. ಬಿತ್ತಿದರೂ ಬೆಳೆಯದ ನೆಲಕ್ಕೆ, ಹಾಲು ಕೊಡದ ಆಕಳಿಗೆ ಸಲ್ಲುವ ಮಾತದು; ದೋಷವನ್ನು ವಸ್ತುವಿನ ಒಡಲೊಳಗೇ ಇರಿಸಿ ತೀರ್ಪುಕೊಟ್ಟು ಮುಗಿಸುತ್ತದೆ. ಬೀಳು ಹಾಗಲ್ಲ. ಉಳುವ ಕೈ ತಪ್ಪಿದುದರಿಂದ ಬಿದ್ದಿರುವ ನೆಲ ಬೀಳು; ನಮ್ಮ ಸೀಮೆಯ ಜನ 'ಹೊಲಾ ಪಡಾ ಬಿದ್ದೈತಿ' ಎನ್ನುತ್ತಾರೆ. ಮನೆಯವರು ದುಡಿಮೆಗೆಂದು ಹುಬ್ಬಳ್ಳಿ ಸೇರಿದರು, ಇಲ್ಲವೆ ಅಣ್ಣತಮ್ಮಂದಿರ ವ್ಯಾಜ್ಯ ಬಗೆಹರಿಯಲಿಲ್ಲ. ಅಷ್ಟರಲ್ಲಿ ಕರಕಿ ಹಬ್ಬಿತು, ಬದುವಿನ ಜಾಲಿ ಒಳಗೆ ಬಂದಿತು. ಕರಕಿಯ ಬೇರು ಆಳಕ್ಕಿಳಿಯುವುದರಿಂದ ಅದನ್ನು ಕೀಳಲು ದೊಡ್ಡ ರಂಟೆಯನ್ನೇ ಹೂಡಬೇಕು. ಆದರೆ ಕಿತ್ತ ಮೇಲೆ ಅದೇ ಮಣ್ಣು ಜೋಳ ಕೊಡುತ್ತದೆ. ಕರಕಿ ಹುಲುಸಾಗಿ ಹಬ್ಬಿದುದೇ ಆ ನೆಲ ಬರಡಲ್ಲವೆಂಬುದಕ್ಕೆ ಸಾಕ್ಷಿ.

ಬರಿದು ಎಂಬುದು ಪಾತ್ರೆಯ ಮಾತು, ಕೆರೆಯ ಮಾತು, ಕಣಜದ ಮಾತು: ಹಿಂದೆ ತುಂಬಿದ್ದುದು, ಮುಂದೆ ತುಂಬಬಹುದಾದುದು. ಬೋಳು ಎಂಬುದು ಹೊದಿಕೆ ಕಳೆದುದರ ಮಾತು. ಕಲಘಟಗಿಯ ಕಡೆ ಬೇಸಗೆಯಲ್ಲಿ ಎಲೆಯುದುರಿಸಿ ಬೋಳಾಗಿ ನಿಂತ ಸಾಗವಾನಿಯನ್ನು ಯಾರೂ ಒಣಮರವೆಂದು ಕಡಿಯಹೋಗುವುದಿಲ್ಲ.

ಹಳಗನ್ನಡದ ಪಾೞ್ ಎಂಬ ಒಂದೇ ಶಬ್ದವು ಹಾಳು, ಪಾಳು ಎಂದು ಎರಡಾಗಿ ಬಾಳುತ್ತಿದೆ. ಪಾಳು ಹೆಚ್ಚಾಗಿ ಗುಡಿ, ಬಾವಿ, ಮಂಟಪಗಳಿಗೆ ಅಂಟಿಕೊಂಡಿತು. ಹಾಳು ಮನುಷ್ಯನ ನಡತೆಗೂ ಕಾಲಕ್ಕೂ ಹಬ್ಬಿತು, ಕೆಡಿಸಿದವನೊಬ್ಬನನ್ನು ಹುಡುಕುವ ಧ್ವನಿಯನ್ನು ಪಡೆಯಿತು. ಪಾಳೆಂಬುದನ್ನು ವಯಸ್ಸು ನಿರ್ಣಯಿಸದು. ಪಂಪನ ತಾಯಿ ಅಬ್ಬಣಬ್ಬೆಯ ಮನೆತನಕ್ಕೆ ಸಂಬಂಧಿಸಿದ ಊರೆಂದು ಕುರಿಕ್ಯಾಲ ಶಾಸನದಿಂದ ತಿಳಿದುಬರುವ ಅಣ್ಣಿಗೇರಿಯಲ್ಲಿ, ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವು ತನ್ನ 76 ಕಂಬಗಳೊಡನೆ ನಿಂತಿದೆ. ಅಲ್ಲಿ ಪೂಜೆ ನಡೆಯುತ್ತಿದೆ, ಜನ ಬಂದುಹೋಗುತ್ತಿದ್ದಾರೆ, ಆದುದರಿಂದ ಅದು ಪಾಳಲ್ಲ. ನಿನ್ನೆ ಕಟ್ಟಿದ ಮನೆಯಾದರೂ ಬಾಳುವವರಿಲ್ಲದಿದ್ದರೆ ಪಾಳೇ ಸರಿ. ಇನ್ನು ಮಗಳನ್ನು ಗಂಡನ ಮನೆಗೆ ಕಳುಹಿಸಿ ಹಿಂದಿರುಗಿದ ತಾಯಿ 'ಮನಿ ಬಣಬಣ ಅಂತೈತಿ' ಎನ್ನುವಾಗ ಮನೆಯಲ್ಲಿ ಯಾವ ವಸ್ತುವೂ ಕಡಮೆಯಾಗಿಲ್ಲ, ನಂಟರೂ ಇನ್ನೂ ತೆರಳಿಲ್ಲ. ಆ ಶೂನ್ಯವು ಹೇಳುವವಳ ಎದೆಯಲ್ಲಿದೆ.

ಬಯಲನ್ನಂತೂ ನಮ್ಮ ಶರಣರು ಶೋಕದಿಂದಲೇ ಬಿಡಿಸಿ ಪರಮಪದದ ಹೆಸರನ್ನಾಗಿಸಿದರು. ಕುಂದಗೋಳ ತಾಲೂಕಿನ ಕಳಸದಲ್ಲಿ ಗುರು ಗೋವಿಂದಭಟ್ಟರ ಅನುಗ್ರಹ ಪಡೆದ ಶಿಶುನಾಳ ಶರೀಫರನ್ನು ನೆನೆಯುವ ಈ ನಾಡಿನಲ್ಲಿ, ಬಯಲೆಂದರೆ ಏನೂ ಇಲ್ಲದ ತಾಣವೆಂದು ಭಜನೆಗೆ ಕುಳಿತವರಾರೂ ತಿಳಿಯರು.

ಶಬ್ದಗಳ ಈ ತಾರತಮ್ಯವನ್ನು ಬೆಳಗಿನ ಹೊತ್ತಿನಲ್ಲಿ ಎತ್ತಿದುದಕ್ಕೆ ಕಾರಣವಿದೆ. ನೆಲದ ವಿಷಯದಲ್ಲಿ ಇಷ್ಟು ಎಚ್ಚರದಿಂದ ನುಡಿಯುವ ನಾವು ಮನುಷ್ಯರ ವಿಷಯದಲ್ಲಿ ಆ ಎಚ್ಚರವನ್ನು ಕಳೆದುಕೊಳ್ಳುತ್ತೇವೆ. ಮಕ್ಕಳಿಲ್ಲದ ಹೆಣ್ಣುಮಗಳಿಗೆ ಉಡಿ ತುಂಬುವ ಮನೆಯಲ್ಲಿ ಬರಡೆಂಬ ಮಾತು ಕಿವಿಗೆ ಬೀಳುವುದುಂಟು. ಆಕೆ ನೀರೆರೆದು ಬೆಳೆಸಿದ ಸಂಸಾರವನ್ನು ಆ ಮಾತು ನೋಡಲೇ ಇಲ್ಲ. ಪರೀಕ್ಷೆಯಲ್ಲಿ ನಪಾಸಾದ ಹುಡುಗನನ್ನು ಹಾಳಾದನೆನ್ನುತ್ತೇವೆ. ಓದಿಸುವ ಕೈ ತಪ್ಪಿ ಬೀಳು ಬಿದ್ದವನಾಗಿರಬಹುದು, ಅಥವಾ ಹಿಂಗಾರಿಯ ಹೊಲದ ಹಾಗೆ ಅವನ ಬಿತ್ತನೆಯ ಕಾಲ ಇನ್ನೂ ಬಾರದೆ ಇರಬಹುದು. ಬರಡೆಂದವನಿಗೆ ಮುಂದೆ ಮಾಡಬೇಕಾದುದೇನೂ ಉಳಿಯುವುದಿಲ್ಲ. ಬೀಳೆಂದವನು ರಂಟೆಯನ್ನು ಹುಡುಕುತ್ತಾನೆ, ಬರಿದೆಂದವನು ಕೊಡವನ್ನೆತ್ತಿಕೊಳ್ಳುತ್ತಾನೆ, ಹಾಳೆಂದವನು ತನ್ನ ಪಾಲಿನ ತಪ್ಪೇನೆಂದು ಕೇಳಿಕೊಳ್ಳಬೇಕಾಗುತ್ತದೆ.

ಆದಕಾರಣ ಇಂದು ಯಾರನ್ನಾದರೂ ಬರಡೆಂದು ಕರೆಯುವ ಮಾತು ನಾಲಗೆಗೆ ಬಂದಾಗ, ಇಲ್ಲಿ ಇಲ್ಲದಿರುವುದು ಬೀಜವೋ, ನೀರೋ, ಕಾಲವೋ, ದುಡಿಯುವ ಕೈಯೋ ಎಂದು ಮೊದಲು ವಿಚಾರಿಸೋಣ. ಕೊರತೆ ಕೈಯದಾಗಿದ್ದರೆ, ಆ ಕೈ ನಮ್ಮದೇ ಆಗಲಿ.