ಮಗ್ಗ ನಿಂತ ಗುರುತು

ರುಬಿಕ್ಸ್ ಕ್ಯೂಬ್ ಬಿಡಿಸುವ ಮಗುವನ್ನು ಕಂಡರೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಎಷ್ಟು ಸೆಕೆಂಡಿನಾಗ ಮುಗಸ್ತಿ?” ಮಗು ತನ್ನ ಎಲ್ಲಕ್ಕಿಂತ ಚಿಕ್ಕ ಸಮಯವನ್ನು ಹೇಳುತ್ತದೆ, ನಾವು ಬೆನ್ನು ತಟ್ಟುತ್ತೇವೆ. ಮುಧೋಳ ಸೀಮೆಯ ರೈತನನ್ನು ಮಾತ್ರ ಯಾರೂ ಹೀಗೆ ಕೇಳುವುದಿಲ್ಲ. ಅವನ ಹೊಲದ ಅತಿ ಎತ್ತರದ ಕಬ್ಬು ಯಾರಿಗೆ ಬೇಕು? ಎಕರೆಗೆ ಎಷ್ಟು ಟನ್ ಬಿತ್ತು ಎಂಬುದೇ ಲೆಕ್ಕ. ಕ್ಯೂಬ್ ಸ್ಪರ್ಧೆಗಳ ನಿಯಮವೂ ರೈತನ ಕಡೆಗೇ ಇದೆ. 2004ರಲ್ಲಿ ಹುಟ್ಟಿದ ವಿಶ್ವ ಕ್ಯೂಬ್ ಸಂಸ್ಥೆಯ ಪದ್ಧತಿಯಲ್ಲಿ ಸ್ಪರ್ಧಿ ಐದು ಸಲ ಬಿಡಿಸುತ್ತಾನೆ; ಅತಿ ವೇಗದ್ದನ್ನೂ ಅತಿ ನಿಧಾನದ್ದನ್ನೂ ಕೈಬಿಟ್ಟು ನಡುವಿನ ಮೂರರ ಸರಾಸರಿ ಹಿಡಿಯುತ್ತಾರೆ. 18, 25, 21, 34, 22 ಸೆಕೆಂಡು ಬಂದಿದ್ದರೆ ಆ ಹುಡುಗನ ಬೆಲೆ ಹದಿನೆಂಟಲ್ಲ, 22.67.

ಹದಿನೆಂಟನ್ನು ಏಕೆ ನಂಬಬಾರದು? ಅದರಲ್ಲಿ ಅದೃಷ್ಟದ ಪಾಲಿರುತ್ತದೆ. ಬಹುತೇಕ ಸ್ಪರ್ಧಿಗಳು ಬಳಸುವ ಪದ್ಧತಿಯಲ್ಲಿ ಕೊನೆಯ ಹಂತ ತಾನಾಗಿಯೇ ಕೂಡಿಬಂದು ಹೋಗುವ ಸಂಭವ 72ರಲ್ಲಿ ಒಂದು. ಅಂಥ ದಿನ ದಾಖಲೆ ಬೀಳುತ್ತದೆ, ಮರುದಿನ ಸಮಯ ಮತ್ತೆ ಹಿಂದಿನ ಜಾಗಕ್ಕೇ ಬರುತ್ತದೆ, ಮನೆಯವರು ‘ಹುಡುಗನಿಗೆ ಗಮನ ಇಲ್ಲ’ ಎಂದು ಗದರುತ್ತಾರೆ. ಮನೋವಿಜ್ಞಾನಿ ಡೇನಿಯಲ್ ಕಾನ್‌ಮನ್ ಇಸ್ರೇಲಿನ ವಿಮಾನ ತರಬೇತುದಾರರಲ್ಲಿ ಇದೇ ತಪ್ಪನ್ನು ಕಂಡರು. ಹೊಗಳಿದರೆ ಶಿಷ್ಯ ಕೆಡುತ್ತಾನೆ, ಬೈದರೆ ಸುಧಾರಿಸುತ್ತಾನೆ ಎಂದು ಆ ತರಬೇತುದಾರರು ನಂಬಿದ್ದರು. ನಡೆದದ್ದು ಇಷ್ಟೇ: ತೀರ ಚೆನ್ನಾದ ಹಾರಾಟದ ಮುಂದಿನದು ಸಹಜವಾಗಿ ತುಸು ಕೆಳಗೆ, ತೀರ ಕೆಟ್ಟದ್ದರ ಮುಂದಿನದು ತುಸು ಮೇಲೆ. ಬೈಗುಳಕ್ಕೂ ಸುಧಾರಣೆಗೂ ಸಂಬಂಧವಿರಲಿಲ್ಲ. ಎಷ್ಟು ಮಕ್ಕಳು ಸುಮ್ಮನೆ ಬೈಸಿಕೊಂಡಿದ್ದಾರೋ!

ಹಾಗಾದರೆ ಮಗುವಿನ ಅಭ್ಯಾಸದ ಲೆಕ್ಕ ಇಡುವ ವಹಿಯಲ್ಲಿ ಏನು ಬರೆಯಬೇಕು? ಇದಕ್ಕೆ ರಬಕವಿ-ಬನಹಟ್ಟಿಯ ನೇಕಾರರ ಕಣ್ಣು ಬೇಕು. ಮಗ್ಗ ಎಷ್ಟು ಜೋರಾಗಿ ಓಡಿತೆಂದು ಬಟ್ಟೆ ಹೇಳುವುದಿಲ್ಲ. ಎಲ್ಲಿ ನಿಂತಿತೆಂದು ಹೇಳುತ್ತದೆ. ನೂಲು ಹರಿದು ಮಗ್ಗ ನಿಂತು ಮತ್ತೆ ಹೊರಟ ಕಡೆ ಹೊಕ್ಕಿನ ಎಳೆಗಳು ಒತ್ತಾಗಿಯೋ ಸಡಿಲವಾಗಿಯೋ ಕೂತು, ಬೆಳಕಿಗೆ ಹಿಡಿದರೆ ಅಡ್ಡಕ್ಕೆ ತೆಳುವಾದ ಪಟ್ಟಿ ಕಾಣುತ್ತದೆ. ಕ್ಯೂಬಿನಲ್ಲೂ ಸಮಯ ಸೋರಿಹೋಗುವುದು ಇಂಥ ನಿಲುಗಡೆಗಳಲ್ಲೇ. ಬೆರಳು ಚುರುಕಿರುತ್ತದೆ, ಮುಂದಿನ ತುಂಡು ಎಲ್ಲಿದೆ ಎಂದು ಕಣ್ಣು ಹುಡುಕುವಾಗ ಕೈ ನಿಲ್ಲುತ್ತದೆ. ಅದಕ್ಕೇ ಪಳಗಿದವರು ಬೇಕೆಂದೇ ನಿಧಾನವಾಗಿ, ಆದರೆ ನಿಲ್ಲದೆ ತಿರುಗಿಸುವ ಅಭ್ಯಾಸ ಮಾಡುತ್ತಾರೆ. ವಹಿಯಲ್ಲಿ ದಿನದ ಸರಾಸರಿ, ಅತಿ ಕೆಟ್ಟ ಸಮಯ, ಕೈ ನಿಂತ ಜಾಗ ಈ ಮೂರಿದ್ದರೆ ಸಾಕು. ಕೆಟ್ಟದ್ದು 34ರಿಂದ 27ಕ್ಕೆ ಇಳಿದರೆ, ದಾಖಲೆ 18ರಲ್ಲೇ ನಿಂತಿದ್ದರೂ, ಅದು ನಿಜವಾದ ಗಳಿಕೆ.

ಆಟವನ್ನೂ ಲೆಕ್ಕಪತ್ರ ಮಾಡಿಬಿಟ್ಟರೆ ಸಂತೋಷ ಎಲ್ಲಿ ಉಳಿಯುತ್ತದೆ ಎಂಬ ಆಕ್ಷೇಪ ಸಣ್ಣದಲ್ಲ. ಖುಷಿಗೆ ತಿರುಗಿಸುವ ಮಗುವಿಗೆ ವಹಿ ಬೇಡ, ಗಡಿಯಾರವೂ ಬೇಡ. ಆದರೆ ತಾನು ಮುಂದೆ ಹೋಗುತ್ತಿಲ್ಲವೆಂದು ನೊಂದ ಮಗುವಿಗೆ ದಾಖಲೆಯೊಂದನ್ನೇ ತೋರಿಸುವುದು ಅನ್ಯಾಯ. ದಾಖಲೆ ವರ್ಷಕ್ಕೆ ಕೆಲವೇ ಸಲ ಮುರಿಯುತ್ತದೆ, ಉಳಿದ ದಿನವೆಲ್ಲ ಸೋಲೆನಿಸುತ್ತದೆ. ಒಂದೇ ಸಲದ ವೇಗಕ್ಕೂ ವಿಶ್ವದಾಖಲೆ ಇದೆಯಲ್ಲ ಎಂದು ಕೇಳಬಹುದು. ಇದೆ, 2023ರ ಜೂನ್‌ನಲ್ಲಿ ಅಮೆರಿಕದ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಿನಲ್ಲಿ ಮುಗಿಸಿದಾಗ ಜಗತ್ತೇ ಬೆರಗಾಯಿತು. ಆದರೂ 3×3 ಕ್ಯೂಬಿನ ಸ್ಪರ್ಧೆಯಲ್ಲಿ ಗೆದ್ದವರನ್ನು ಆರಿಸುವುದು ಸರಾಸರಿಯೇ. ಒಂದೇ ಸಲದ ವೇಗ ಲೆಕ್ಕಕ್ಕೆ ಬರುವುದು ಸರಾಸರಿ ಸಮವಾದಾಗ ಮಾತ್ರ. ಇವತ್ತು ಸಂಜೆ ಮಗು ಕ್ಯೂಬ್ ಹಿಡಿದು ಕೂತಾಗ ಒಂದು ಪ್ರಶ್ನೆ ಬದಲಿಸಿ ನೋಡಿ: “ಇವತ್ತ ಕೈ ಎಲ್ಲಿ ನಿಂತ್ತು?”