ಉಳ್ಳಾಲದ ರಾಣಿ ಅಬ್ಬಕ್ಕದೇವಿ
(ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯವಾಳಿದ ಜೈನ ಅರಸಿಯರ ಮಾತು ಬಂದೊಡನೆ ತುಳುನಾಡಿನ ಜನರ ನಾಲಗೆಯ ಮೇಲೆ ಮೊದಲು ಬರುವುದು ಉಳ್ಳಾಲದ ಅಬ್ಬಕ್ಕದೇವಿಯ ಹೆಸರು. ಪುತ್ತಿಗೆ, ಮೂಡುಬಿದಿರೆಗಳನ್ನಾಳಿದ ಚೌಟ ಮನೆತನದವಳು ಆಕೆ. ಅಳಿಯಸಂತಾನದ ಆ ಕುಲದಲ್ಲಿ ಹಕ್ಕು ತಾಯಿಯ ಕಡೆಯಿಂದ ಇಳಿದುಬರುತ್ತಿದ್ದುದರಿಂದ ಹೆಣ್ಣುಮಗಳು ಪಟ್ಟವೇರಿದುದು ಆಶ್ಚರ್ಯವಲ್ಲ. ಏರಿದ ಪಟ್ಟವನ್ನು ಉಳಿಸಿಕೊಂಡ ಬಗೆ ಆಶ್ಚರ್ಯಕರವಾದುದು. ಈ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆಂದು ಇತಿಹಾಸಜ್ಞರು ಹೇಳುತ್ತಾರೆ. ಹಾಗಿದ್ದಲ್ಲಿ ಒಬ್ಬಾಕೆ ಹಿಡಿದ ಹಠವನ್ನು ಮತ್ತೊಬ್ಬಾಕೆ ಬಿಡಲಿಲ್ಲವೆಂದೇ ತಿಳಿಯತಕ್ಕದ್ದು.

ಆ ಹಠವಾದರೂ ಏನು? 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಪಶ್ಚಿಮ ಸಮುದ್ರವೆಲ್ಲ ತಮ್ಮದೆಂದು ಸಾರಿದರು. ಅವರ ಪರವಾನಗಿ ಚೀಟಿಯಿಲ್ಲದೆ ಹೊರಟ ಹಡಗು ಸರಕುಸಮೇತ ಅವರ ಪಾಲಾಗುತ್ತಿತ್ತು. ಕರಾವಳಿಯ ಅರಸರಿಂದ ಕಪ್ಪವನ್ನೂ ಕೇಳಿದರು. ವ್ಯಾಪಾರ ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಂತ ಬಂದರಿನಿಂದ ಸ್ವಂತ ಹಡಗನ್ನು ಹೊರಡಿಸಲು ಪರರ ಚೀಟಿ ಬೇಕಾದವನು ಒಡೆಯನಲ್ಲ, ಗುಮಾಸ್ತ. ನೇತ್ರಾವತಿಯ ದಕ್ಷಿಣ ದಡದ ಆ ಸಣ್ಣ ರಾಜ್ಯದ ರಾಣಿ ಕಪ್ಪ ಕೊಡಲು ಒಪ್ಪಲಿಲ್ಲ.

ಪರಿಣಾಮವಾಗಿ 1555ರಲ್ಲಿ ಸಿಲ್ವೇರನ ನೌಕಾಪಡೆ ಬಂದಿತು, ಕೊನೆಗೆ ಸಂಧಿಯಾಯಿತು. 1568ರಲ್ಲಿ ವೈಸರಾಯನಾದ ನೊರೊನ್ಹಾ ತಾನೇ ದಂಡೆತ್ತಿ ಬಂದು ಉಳ್ಳಾಲವನ್ನು ಗೆದ್ದು, ಮಂಗಳೂರಿನಲ್ಲಿ ಕೋಟೆ ಕಟ್ಟಿಸಿದನು. ಮಸೀದಿಯೊಂದರಲ್ಲಿ ಆಶ್ರಯ ಪಡೆದ ರಾಣಿ ಇನ್ನೂರು ಯೋಧರನ್ನು ಕೂಡಿಸಿಕೊಂಡು ಅದೇ ರಾತ್ರಿ ಶತ್ರುವಿನ ಮೇಲೆ ಬಿದ್ದಳೆಂದು ಜನರು ಹೇಳಿಕೊಂಡು ಬಂದಿದ್ದಾರೆ. ಕಲ್ಲಿಕೋಟೆಯ ಸಾಮೂದಿರಿಯ ಸಖ್ಯವೂ ಆಕೆಗಿತ್ತು. ಜೈನ ಅರಸಿಯ ಬೆನ್ನಿಗೆ ಮೊಗವೀರರೂ ಮಾಪಿಳ್ಳೆಗಳೂ ನಿಂತರೆಂಬುದನ್ನು ತುಳುನಾಡು ಇಂದಿಗೂ ಮರೆತಿಲ್ಲ.

ಅಹಿಂಸೆಯೇ ಪರಮಧರ್ಮವೆನ್ನುವ ಮತದವಳು ಖಡ್ಗ ಹಿಡಿದುದು ಸರಿಯೇ ಎಂದು ಕೇಳುವವರುಂಟು. ಸಂಕಲ್ಪಪೂರ್ವಕವಾದ ಹಿಂಸೆಯು ಶ್ರಾವಕನಿಗೆ ಸರ್ವಥಾ ವರ್ಜ್ಯ. ಆದರೆ ಮೇಲೆ ಬಿದ್ದವನನ್ನು ತಡೆಯುವಾಗ ಒದಗುವ ವಿರೋಧಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತೊರೆಯಲಾರನೆಂಬುದನ್ನು ಆಚಾರ್ಯರು ಬಲ್ಲರು. ಅಬ್ಬಕ್ಕ ಪರರ ನೆಲಕ್ಕೆ ಆಸೆಪಟ್ಟು ಸಮುದ್ರ ದಾಟಿದವಳಲ್ಲ.

ಹೊರಗಿನ ಶತ್ರುವಿಗಿಂತ ಮನೆಯೊಳಗಿನ ವಿರೋಧ ಕಠಿನವಾದುದು. ಮಂಗಳೂರಿನ ಬಂಗರಸನೊಡನೆ ಆಕೆಯ ವಿವಾಹವಾಗಿತ್ತು. ವಿರಸ ಹುಟ್ಟಿದಾಗ ರಾಣಿ ಆತನು ಕೊಟ್ಟ ಒಡವೆಗಳನ್ನು ಹಿಂದಿರುಗಿಸಿದಳು. ಆತನು ಪೋರ್ಚುಗೀಸರ ನೆರವು ಬೇಡಿದನು. ಈಕೆ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕರೆದಳು. 1618ರಲ್ಲಿ ನಾಯಕನ ಸೈನ್ಯದ ಎದುರು ಪೋರ್ಚುಗೀಸರು ಸೋತರು.

ಐದು ವರ್ಷಗಳ ತರುವಾಯ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಉಳ್ಳಾಲದ ರಾಣಿಯನ್ನು ಕಾಣಲು ಹೋದನು. ಆತನಿಗೆ ಸಿಂಹಾಸನ ಕಾಣಲಿಲ್ಲ. ಬರಿಗಾಲಿನಲ್ಲಿ, ಸಾದಾ ಹತ್ತಿಬಟ್ಟೆಯುಟ್ಟು, ಛತ್ರಿಯ ನೆರಳಿನಲ್ಲಿ, ಅಗೆಯುತ್ತಿದ್ದ ಕಾಲುವೆಗಳ ಕೆಲಸ ನೋಡಲು ಹೊರಟಿದ್ದ ಹೆಂಗಸೊಬ್ಬಳು ಕಂಡಳು. ನೋಟಕ್ಕೆ ಅಡುಗೆಯವಳಂತಿದ್ದರೂ ಬಾಯಿ ತೆರೆದೊಡನೆ ರಾಣಿಯೆಂಬುದು ತಿಳಿಯಿತೆಂಬ ಅಭಿಪ್ರಾಯವನ್ನು ಆತನು ಬರೆದಿಟ್ಟಿದ್ದಾನೆ. ಯುದ್ಧದಲ್ಲಿ ತೋರಿದ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಯುದ್ಧ ಮುಗಿದ ಮೇಲೆ ಬಿಸಿಲಿನಲ್ಲಿ ನಿಂತು ರೈತನ ಗದ್ದೆಯ ಚಿಂತೆ ಮಾಡುವುದೂ ಧೈರ್ಯವೇ. ರಾಜ್ಯ ನಿಲ್ಲುವುದು ಅದರಿಂದ.

2003ರಲ್ಲಿ ಅಬ್ಬಕ್ಕನ ಹೆಸರಿನ ವಿಶೇಷ ಅಂಚೆ ಲಕೋಟೆ ಹೊರಬಂದಿತು. 2012ರಲ್ಲಿ ಕರಾವಳಿ ರಕ್ಷಣಾ ಪಡೆಯ ಹಡಗೊಂದು ಆ ಹೆಸರನ್ನು ಹೊತ್ತು ಸೇವೆಗೆ ಸೇರಿತು. ಇವು ಯೋಗ್ಯವಾದ ಗೌರವಗಳೇ ಸರಿ. ಆದರೆ ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವ ಈ ಕಾಲದಲ್ಲಿಯೂ, ಗೆದ್ದ ಸದಸ್ಯೆಯ ಕುರ್ಚಿಯ ಪಕ್ಕದಲ್ಲಿ ಪತಿರಾಯನೇ ಕುಳಿತು ಮಾತನಾಡುವ ಊರುಗಳು ಇಲ್ಲದಿಲ್ಲ. ಅಂಥಲ್ಲಿ ಒಬ್ಬ ಹೆಣ್ಣುಮಗಳು ಕಾಗದವನ್ನು ತಾನೇ ಓದಿ, ಒಪ್ಪಿಗೆಯಾಗದ ಕಡೆ ಸಹಿ ಹಾಕಲಾರೆನೆಂದರೆ, ಅಬ್ಬಕ್ಕನಿಗೆ ಅದಕ್ಕಿಂತ ದೊಡ್ಡ ಸ್ಮಾರಕ ಬೇಕಿಲ್ಲ. ಹಾಗೆ ಹೇಳುವ ಮಗಳಿಗೆ ಮನೆಯ ಹಿರಿಯರು ಬೆಂಬಲವಾಗಿ ನಿಲ್ಲಲಿ.